ನಾಲ್ಕಕ್ಕೆ ಒಂದು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ಈ ಶುಭ ದಿನ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಯವರು ಹೇಳಿ ಕಳಿಸಿದರು. 'ಸಹಕಾರ ತತ್ವ' ಎಂಬ ವಿಷಯ ಕೊಟ್ಟಿದ್ದರು. ಆದರೆ ಆ ವಿಷಯದ ಮೇಲೆ ಬೆಳಗಿನಿಂದ ಮೂರು ಭಾಷಣಗಳಾಗಿವೆ, ಎಲ್ಲವೂ ಚೆನ್ನಾಗಿದ್ದವು. ನಾಲ್ಕನೆಯದನ್ನೂ ಅದೇ ಮಾಡಿದರೆ ನೀವು ಎದ್ದು ಊಟಕ್ಕೆ ಹೋಗ್ತೀರಿ. ಅದಕ್ಕೆ ನಾವು ಒಂದು ಆಟದ ಸುದ್ದಿ ಹೇಳ್ತೀವಿ. ಆಟದ ಸುದ್ದಿಯೊಳಗೇ ಸಂಘದ ಸುದ್ದಿಯೂ ಇದೆ.

'ನಾವು' ಅಂದರೆ ನಾಲ್ಕು ಮಂದಿ. ಒಬ್ಬರು ಸಾಲಿ ಮಾಸ್ತರಾಗಿ ನಿವೃತ್ತರಾದವರು. ಒಬ್ಬರು ಸಂಘದ ಮಾಜಿ ನಿರ್ದೇಶಕರು, ಊರಿಗೆಲ್ಲ ಕಾಕಾ. ಒಬ್ಬರು ಮಹಿಳಾ ಸ್ವಸಹಾಯ ಗುಂಪಿನ ಲೆಕ್ಕ ಬರೆಯುವ ಅಕ್ಕಾ. ನಾಲ್ಕನೆಯವನು ಡಿಗ್ರಿ ಮುಗಿಸಿ ಹೊಲಕ್ಕೆ ಮರಳಿ ಬಂದಿರುವ ತಮ್ಮ. ಮೈಕಿನ ಮುಂದೆ ನಿಂತವರು ಒಬ್ಬರೇ ಆದರೂ ಮಾತು ನಾಲ್ವರದೂ ಹೌದು, ನಾಲ್ವರೂ ಕೂಡಿ ಒಪ್ಪಿ ಬರೆದದ್ದು.

ಕಳೆದ ದಸರಾ ರಜೆಗೆ ಮಾಸ್ತರ ಅಳಿಯ ಬೆಂಗಳೂರಿನಿಂದ ಬಂದಾಗ ಒಂದು ಪೆಟ್ಟಿಗೆ ತಂದ. ಅದರ ಹೆಸರು 'ಕಟಾನ್'. ನಮ್ಮ ಪಗಡೆ, ಚೌಕಾಬಾರದ ಹಾಗೆ ಮಣೆಯ ಮೇಲೆ ಆಡುವ ಆಟ, ಆದರೆ ಇದರಲ್ಲಿ ಕಾಯಿ ಹೊಡೆಯುವುದಿಲ್ಲ, ಕಡಿಯುವುದಿಲ್ಲ. ಇದರಲ್ಲಿ ನಡೆಯುವುದು ವ್ಯಾಪಾರ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು ನಾವು ನಾಲ್ವರೂ ಅದನ್ನು ಎಂಟು ದಿನ ಆಡಿದೆವು. ಮನೆಯವರ ಕಡೆಯಿಂದ ಬೈಸಿಕೊಂಡೆವು.

ಈ ಆಟ ಮಾಡಿದವರು ಜರ್ಮನಿಯ ಕ್ಲೌಸ್ ಟಾಯ್ಬರ್ ಎಂಬವರು. ಹುಟ್ಟಿದ್ದು 1952ರಲ್ಲಿ. ದೊಡ್ಡ ಪಂಡಿತರಲ್ಲ, ಹಲ್ಲಿನ ಸೆಟ್ಟು ತಯಾರಿಸುವ ಕಸುಬಿನವರು. ಹಗಲು ಆ ಕೆಲಸ ಮಾಡಿ, ಸಂಜೆ ಮನೆಯ ನೆಲಮಾಳಿಗೆಯಲ್ಲಿ ಕೂತು ಆಟಗಳನ್ನು ಮಾಡುತ್ತಿದ್ದರು. ಮಾಡಿದ್ದನ್ನು ಹೆಂಡತಿ ಮಕ್ಕಳ ಜೊತೆ ಆಡಿ ನೋಡುತ್ತಿದ್ದರು, ಸರಿ ಬರದಿದ್ದರೆ ಮತ್ತೆ ತಿದ್ದುತ್ತಿದ್ದರು. ಕಟಾನ್ ಹೊರಬಂದದ್ದು 1995ರಲ್ಲಿ. ಅದೇ ವರ್ಷ ಅವರ ದೇಶದ 'ವರ್ಷದ ಆಟ' ಪ್ರಶಸ್ತಿ ಬಂತು. 2023ರಲ್ಲಿ ಅವರು ತೀರಿಕೊಂಡರು. ಅಷ್ಟೊತ್ತಿಗೆ ಈ ಆಟ 40ಕ್ಕೂ ಹೆಚ್ಚು ಭಾಷೆಗಳಲ್ಲಿ ಬಂದು, ಸುಮಾರು 4 ಕೋಟಿ ಪೆಟ್ಟಿಗೆಗಳು ಮಾರಾಟವಾಗಿದ್ದವು.

ಈಗ ಆಟ ಹೆಂಗ ಅಂತ ಹೇಳ್ತೀವಿ. ಕಟಾನ್ ಎಂಬುದು ಒಂದು ಕಲ್ಪನೆಯ ನಡುಗಡ್ಡೆ. ಆರು ಮೂಲೆಯ 19 ಬಿಲ್ಲೆಗಳನ್ನು ಜೇನುಹುಟ್ಟಿನಂತೆ ಜೋಡಿಸಿದರೆ ನಡುಗಡ್ಡೆ ತಯಾರು. ಇದರಲ್ಲಿ 4 ಬಿಲ್ಲೆ ಕಾಡು, ಅಲ್ಲಿ ಕಟ್ಟಿಗೆ ಸಿಗುತ್ತದೆ. 4 ಕುರಿಯ ಹುಲ್ಲುಗಾವಲು, ಅಲ್ಲಿ ಉಣ್ಣೆ. 4 ಗೋದಿ ಹೊಲ. 3 ಮಣ್ಣಿನ ದಿಬ್ಬ, ಅಲ್ಲಿ ಇಟ್ಟಂಗಿ. 3 ಬೆಟ್ಟ, ಅಲ್ಲಿ ಅದಿರು. ಉಳಿದ ಒಂದು ಬರೀ ಮರಳುಗಾಡು, ಅಲ್ಲಿ ಏನೂ ಬೆಳೆಯುವುದಿಲ್ಲ. ಮರಳುಗಾಡು ಬಿಟ್ಟು ಪ್ರತಿ ಬಿಲ್ಲೆಯ ಮೇಲೆ ಒಂದು ಅಂಕಿ ಇರುತ್ತದೆ. ಆಡುವವರು ಮೂವರು ಇಲ್ಲವೇ ನಾಲ್ವರು. ಆರಂಭದಲ್ಲಿ ಪ್ರತಿಯೊಬ್ಬರಿಗೂ ಎರಡು ಹಳ್ಳಿ, ಎರಡು ರಸ್ತೆ. ಎಲ್ಲಿ ಕಟ್ಟಬೇಕೆಂಬುದು ಅವರವರ ಲೆಕ್ಕಾಚಾರ.

ಸರದಿ ಬಂದವರು ಎರಡು ದಾಳ ಉರುಳಿಸಬೇಕು. ಬಿದ್ದ ಅಂಕಿ ಯಾವ ಬಿಲ್ಲೆಯ ಮೇಲಿದೆಯೋ ಆ ಬಿಲ್ಲೆ ಫಲ ಕೊಡುತ್ತದೆ. ಅದರ ಅಂಚಿಗೆ ಹಳ್ಳಿ ಇದ್ದವರಿಗೆಲ್ಲ, ದಾಳ ಹಾಕಿದವರು ಯಾರೇ ಇರಲಿ, ಒಂದೊಂದು ಎಲೆ. ಎರಡು ದಾಳ 36 ರೀತಿ ಬೀಳಬಹುದು. ಅದರಲ್ಲಿ 6 ಬೀಳುವುದು 5 ರೀತಿ, 8 ಬೀಳುವುದೂ 5 ರೀತಿ. ಆದರೆ 2 ಬೀಳುವುದು ಒಂದೇ ರೀತಿ, 12 ಸಹ ಒಂದೇ ರೀತಿ. ಹಾಗಾಗಿ 6 ಅಥವಾ 8 ಇದ್ದ ಬಿಲ್ಲೆ ಅಂದರೆ ಎರಿ ಹೊಲ ಇದ್ದಂಗ. 2 ಅಥವಾ 12 ಇದ್ದ ಬಿಲ್ಲೆ ಮಡ್ಡಿ ಹೊಲ. ಮಡ್ಡಿಯೂ ಒಮ್ಮೊಮ್ಮೆ ಬೆಳೀತದ, ಆದರೆ ಅದನ್ನೇ ನಂಬಿ ಕೂಡಲಿಕ್ಕೆ ಬರುವುದಿಲ್ಲ.

ಬಂದ ಎಲೆಗಳಿಂದ ಕಟ್ಟಬೇಕು. ಒಂದು ರಸ್ತೆಗೆ ಒಂದು ಕಟ್ಟಿಗೆ, ಒಂದು ಇಟ್ಟಂಗಿ. ಒಂದು ಹಳ್ಳಿಗೆ ಕಟ್ಟಿಗೆ, ಇಟ್ಟಂಗಿ, ಉಣ್ಣೆ, ಗೋದಿ ಒಂದೊಂದು. ಹಳ್ಳಿಯನ್ನು ಪಟ್ಟಣ ಮಾಡಬೇಕಾದರೆ ಎರಡು ಗೋದಿ, ಮೂರು ಅದಿರು. ಹಳ್ಳಿಗೆ 1 ಅಂಕ, ಪಟ್ಟಣಕ್ಕೆ 2 ಅಂಕ. ಮೊದಲು 10 ಅಂಕ ಮುಟ್ಟಿದವರು ಗೆದ್ದಂತೆ.

ಆಟದ ಮರ್ಮ ಇಲ್ಲೇ ಇದೆ. ಎರಡು ಹಳ್ಳಿ ಇಟ್ಟುಕೊಂಡು ಶುರು ಮಾಡಿದವನಿಗೆ ಐದೂ ಮಾಲು ತಾನೇ ಬೆಳೆದುಕೊಳ್ಳುವುದು ಬಹಳ ಕಷ್ಟ. ಒಬ್ಬರ ಮನೆ ತುಂಬ ಗೋದಿ, ಇಟ್ಟಂಗಿ ಒಂದೂ ಇಲ್ಲ. ಇನ್ನೊಬ್ಬರಿಗೆ ಇಟ್ಟಂಗಿಯ ರಾಶಿ, ಗೋದಿ ಕಾಣೆ. ಇಲ್ಲದ್ದನ್ನು ತರಬೇಕಾದರೆ ಮೂರು ದಾರಿ ಇವೆ. ಮೊದಲನೆಯದು ಬ್ಯಾಂಕು. ಒಂದೇ ಜಾತಿಯ ನಾಲ್ಕು ಎಲೆ ಕೊಟ್ಟರೆ ಬೇಕಾದ ಒಂದು ಎಲೆ ಕೊಡುತ್ತದೆ. ನಾಲ್ಕಕ್ಕೆ ಒಂದು. ಎರಡನೆಯದು ಬಂದರು. ದಂಡೆಯ ಮೇಲೆ 9 ಬಂದರುಗಳಿವೆ. ಅಲ್ಲಿ ಹಳ್ಳಿ ಕಟ್ಟಿದವರಿಗೆ ಮೂರಕ್ಕೆ ಒಂದು, ಕೆಲವು ಬಂದರಿನಲ್ಲಿ ಗೊತ್ತಾದ ಒಂದು ಮಾಲಿಗೆ ಎರಡಕ್ಕೆ ಒಂದು. ಮೂರನೆಯದು ಎದುರಿಗೆ ಕೂತ ಮನುಷ್ಯ. ಅವನ ಜೊತೆ ಮಾತಾಡಿ, ಚೌಕಾಶಿ ಮಾಡಿ, ಇಬ್ಬರೂ ಒಪ್ಪಿದರೆ ಒಂದಕ್ಕೆ ಒಂದು.

ಮೊದಲ ದಿನ ನಡೆದದ್ದು ಕೇಳ್ರಿ. ಕಾಕಾ ಅವರಿಗೆ 8ರ ಗೋದಿ ಹೊಲ ಸಿಕ್ಕಿತ್ತು. ಕೈತುಂಬ ಗೋದಿ. ಹಳ್ಳಿ ಕಟ್ಟಲಿಕ್ಕೆ ಒಂದೇ ಒಂದು ಇಟ್ಟಂಗಿ ಕಡಿಮೆ. ಅವರು ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕು ಗೋದಿ ಎಣಿಸಿ ಬ್ಯಾಂಕಿಗೆ ಹಾಕಿ ಒಂದು ಇಟ್ಟಂಗಿ ತಗೊಂಡರು. ಹಾಗೆ ಮಾಡಿದ್ದಕ್ಕೆ ಹಳ್ಳಿಗೆ ಬೇಕಾದ ಒಂದು ಗೋದಿಯೂ ಅವರ ಕೈಯಲ್ಲಿ ಉಳಿಯಲಿಲ್ಲ.

ಅಕ್ಕಾ ನಕ್ಕರು. "ಕಾಕಾರ, ನನ್ನ ಹತ್ರ ಮೂರು ಇಟ್ಟಂಗಿ ಸುಮ್ನ ಬಿದ್ದಾವ. ಒಂದು ಮಾತು ಕೇಳಿದ್ರ ಒಂದು ಗೋದಿಗೇ ಕೊಡ್ತಿದ್ದೆನಲ್ರಿ."

"ಕೊಡ್ತಿದ್ದಿ ಖರೆ ಯವ್ವಾ. ಆದ್ರ ನನ್ನ ಗೋದಿ ತಗೊಂಡು ನೀನೂ ಹಳ್ಳಿ ಕಟ್ಟಿ ಮುಂದ ಹೋಗ್ತಿದ್ದಿ."

"ಹೋಗ್ತಿದ್ದೆ. ನೀವೂ ಬರ್ತಿದ್ರಿ. ಈಗ ನೋಡ್ರಿ, ಇಬ್ರೂ ಇಲ್ಲೇ ಕುಂತೀವಿ."

ಆ ಮಾತು ನಮ್ಮ ನಾಲ್ವರ ಮನಸ್ಸಿನಲ್ಲೂ ಕೂತಿತು. ಬಗಲಿಗೆ ಕೂತವರು ಒಂದು ಗೋದಿಗೆ ಕೊಡುವ ಮಾಲನ್ನು, ಅವರು ಮುಂದೆ ಹೋದಾರೆಂಬ ಹೊಟ್ಟೆಕಿಚ್ಚಿಗೆ, ನಾಲ್ಕು ಗೋದಿ ಕೊಟ್ಟು ಪರರಿಂದ ತರುವುದು. ಇದನ್ನು ಆಟದಲ್ಲಷ್ಟೇ ಮಾಡ್ತೀವೇನು?

ಆಟದಲ್ಲಿ ಇನ್ನೊಂದು ನಿಯಮವಿದೆ. ಎರಡು ದಾಳ ಕೂಡಿ ಅತಿ ಹೆಚ್ಚು ಸಲ ಬೀಳುವ ಅಂಕಿ 7, ಅದು 6 ರೀತಿ ಬೀಳುತ್ತದೆ. ಆದರೆ ಯಾವ ಬಿಲ್ಲೆಯ ಮೇಲೂ 7 ಇಲ್ಲ. ಅದು ಬಿದ್ದರೆ ಯಾರಿಗೂ ಫಸಲು ಬರುವುದಿಲ್ಲ. ಬದಲಿಗೆ ಕೈಯಲ್ಲಿ 7ಕ್ಕಿಂತ ಹೆಚ್ಚು ಎಲೆ ಇಟ್ಟುಕೊಂಡವರು ಅರ್ಧ ಕಳೆದುಕೊಳ್ಳಬೇಕು. ದಾಳ ಹಾಕಿದವರು ಕಳ್ಳನ ಕಾಯಿಯನ್ನು ಎತ್ತಿ ಯಾರದಾದರೂ ಹೊಲದ ಮೇಲೆ ಕೂಡಿಸಿ ಒಂದು ಎಲೆ ಕಸಿಯಬಹುದು. ಕಳ್ಳ ಅಲ್ಲಿರುವತನಕ ಆ ಹೊಲ ಬೆಳೆಯುವುದಿಲ್ಲ. ಅಂದರೆ ಮಾಲನ್ನು ಬಿಗಿಹಿಡಿದು ಕೂತವನಿಗೇ ಹೊಡೆತ ಹೆಚ್ಚು. ಉಳ್ಳಾಗಡ್ಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದರ ಏರುತ್ತದೆಂದು ಕಾಯುತ್ತ ಕೂತಾಗ ಒಂದು ಅಕಾಲದ ಮಳೆ ಬಂದರೆ ಅರ್ಧ ರಾಶಿ ಕೊಳೆತು ತಿಪ್ಪೆಗೆ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ.

ಮೂರನೆಯ ದಿನ ತಮ್ಮ ಒಂದು ಕೆಲಸ ಮಾಡಿದ. ಅವನಿಗೆ ಪಟ್ಟಣ ಕಟ್ಟಲು ಒಂದು ಅದಿರು ಬೇಕಿತ್ತು. ಮಾಸ್ತರ ಹತ್ತಿರ ಇತ್ತು. ಈ ಆಟದಲ್ಲಿ ಪುಕ್ಕಟೆ ಕೊಡಲಿಕ್ಕೆ ಬರುವುದಿಲ್ಲ, ಏನಾದರೂ ಕೊಟ್ಟೇ ತಗೋಬೇಕು. ಅವನು ಒಂದು ಉಣ್ಣೆ ಕೊಟ್ಟು, "ಸರ್, ಅದಿರು ಕೊಡ್ರಿ. ಮುಂದಿನ ಸರದಿಗೆ ನಿಮ್ಮ ಉಣ್ಣಿಗೆ ಕಟ್ಟಿಗಿ ಕೊಡ್ತೀನಿ, ಮಾತು" ಅಂದ. ಮಾಸ್ತರು ಶಿಷ್ಯನ ಮಾತು ಅಂತ ನಂಬಿ ಕೊಟ್ಟರು. ಮುಂದಿನ ಸರದಿಗೆ ಅವನು ಆ ಕಟ್ಟಿಗೆಯಿಂದ ತನ್ನ ರಸ್ತೆ ಕಟ್ಟಿಕೊಂಡ. ಕೇಳಿದರೆ, "ರೂಲ್ ಬುಕ್ಕಿನ್ಯಾಗ ಎಲ್ಲೆ ಬರದಾರ್ರೀ, ಮಾತು ಉಳಿಸ್ಕೋಬೇಕಂತ?" ಅಂದ.

ಖರೆ, ಬರೆದಿಲ್ಲ. ಆಗಲೇ ಕೈಬದಲಾದ ಎಲೆಗೆ ನಿಯಮವಿದೆ, ನಾಳೆಯ ಮಾತನ್ನು ನಿಯಮ ಕಾಯುವುದಿಲ್ಲ. ಆದರೆ ಮುಂದೆ ಏನಾಯಿತು ಕೇಳ್ರಿ. ಆ ಆಟ ಮುಗಿಯುವತನಕ ಅವನ ಜೊತೆ ಯಾರೂ ವ್ಯಾಪಾರ ಮಾಡಲಿಲ್ಲ. ಎರಡು ಉಣ್ಣೆಗೆ ಒಂದು ಕೇಳಿದ, ಕೊಡಲಿಲ್ಲ. ಮೂರಕ್ಕೆ ಕೇಳಿದ, ಮುಖ ತಿರುವಿದೆವು. ಅವನ ಕೈಯಲ್ಲಿ ಎಲೆಗಳು ಹತ್ತಾದವು, ಅಷ್ಟರಲ್ಲಿ 7 ಬಿತ್ತು, ಐದು ಹೋದವು. ಆ ದಿನ ಗೆದ್ದವರು ಅಕ್ಕಾ. ಎಲ್ಲರಿಗಿಂತ ಒಳ್ಳೆಯ ಹೊಲ ಅವರಿಗೆ ಬಂದಿರಲಿಲ್ಲ. ಆದರೆ ಪ್ರತಿ ಸರದಿಗೂ ಯಾರಿಗೆ ಏನು ಬೇಕೆಂದು ಕೇಳುತ್ತಿದ್ದರು, ಕೊಟ್ಟ ಮಾತು ತಪ್ಪಲಿಲ್ಲ. ಎಲ್ಲ ಸಲವೂ ಹೀಗೇ ಆಗುತ್ತದೆಂದು ನಾವು ಹೇಳುವುದಿಲ್ಲ, ದಾಳದ ಪಾಲೂ ಇದೆ.

ಆಟ ಮುಗಿದ ಮೇಲೆ ಚಹಾ ಬಂತು. ತಮ್ಮನನ್ನು ನಾವು ಕೂಡಿ ಚೇಷ್ಟೆ ಮಾಡುತ್ತಿದ್ದೆವು. ಕಾಕಾ ಮಾತ್ರ ಸುಮ್ಮನಿದ್ದರು. ಆಮೇಲೆ ಹೇಳಿದರು: "ಹುಡುಗಗ ಯಾಕ ಅಂತೀರಿ. ಆ ವರ್ಷ ಉಳ್ಳಾಗಡ್ಡಿ ಲೋಡ್ ರಾತ್ರಿ ನಾನೂ ಕಳಿಸಿದ್ದೆ."

ಈ ಮಾತನ್ನು ಇಲ್ಲಿ ಹೇಳಲಿಕ್ಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಯಾವ ವರ್ಷವೆಂದು ನಿಮಗೆಲ್ಲ ನೆನಪಿದೆ. ಒಬ್ಬೊಬ್ಬರೇ ಮಾಲು ಒಯ್ದು ಸಿಕ್ಕ ದರಕ್ಕೆ ಸುರಿದು ಬರುವುದು ಬೇಡ, ಸಂಘದ ಅಂಗಳದಲ್ಲೇ ಆರಿಸಿ, ತೂಗಿ, ಲಾರಿ ಮಾಡಿ ಕೂಡಿಯೇ ಮಾರೋಣ ಎಂದು ಠರಾವು ಆಯಿತು. ಎಲ್ಲರೂ ಸಹಿ ಹಾಕಿದೆವು. ಮೊದಲ ಲಾರಿಗೆ ಎರಡು ದಿನ ಇರುವಾಗ ಒಬ್ಬ ವ್ಯಾಪಾರಿಯ ಮನುಷ್ಯ ಊರ ಅಗಸಿಯ ಹೊರಗೆ ಬಂದು ನಿಂತ. ಸಂಘದ ಅಂದಾಜಿಗಿಂತ ಕ್ವಿಂಟಲಿಗೆ ಒಂದಿಷ್ಟು ಹೆಚ್ಚು ಕೊಡ್ತೀನಿ, ಕೈಮೇಲೆ ರೊಕ್ಕ ಅಂದ. ರಾತ್ರಿ ಟ್ರ್ಯಾಕ್ಟರುಗಳು ಹೊರಟವು. ಬೆಳಗ್ಗೆ ಸಂಘದ ಲಾರಿಗೆ ಅರ್ಧ ಮಾಲೂ ಇರಲಿಲ್ಲ, ಬಾಡಿಗೆ ಮಾತ್ರ ಪೂರ್ತಿ. ಮರುದಿನದಿಂದ ಆ ವ್ಯಾಪಾರಿಯೂ ದರ ಇಳಿಸಿದ. ಮಾತಿಗೆ ನಿಂತು ಸಂಘಕ್ಕೆ ಮಾಲು ಹಾಕಿದವರೇ ಹಾನಿ ಉಂಡರು. ಅಂದಿನಿಂದ ಇಂದಿನವರೆಗೆ ಕೂಡಿ ಮಾರುವ ಮಾತನ್ನು ಯಾರೂ ಮತ್ತೆ ಎತ್ತಿಲ್ಲ. ನಮ್ಮ ಸಂಘ ಸಾಲ ಕೊಡುತ್ತದೆ, ಗೊಬ್ಬರ ಕೊಡುತ್ತದೆ, ರೇಷನ್ ಕೊಡುತ್ತದೆ. ಬೆಳೆದ ಮಾಲನ್ನು ಮಾತ್ರ ಇಂದಿಗೂ ಒಬ್ಬೊಬ್ಬರೇ ಮಾರ್ತೀವಿ, ನಾಲ್ಕಕ್ಕೆ ಒಂದರಂತೆ.

ನಿರ್ದೇಶಕರಾಗಿದ್ದವರೇ ಹಾಗೇಕೆ ಮಾಡಿದರು? ನಾವು ಕೇಳಿದೆವು. ಕಾಕಾ ಹೇಳಿದ್ದು ಇಷ್ಟು: "ಮಗಳು ಹೆರಿಗೆಗೆ ದವಾಖಾನ್ಯಾಗಿದ್ಲು. ಮರುದಿನ ರೊಕ್ಕ ಕಟ್ಟಬೇಕಿತ್ತು. ಸಂಘದ ರೊಕ್ಕ ಬರೂದು ಮಾಲು ಮಾರಿ ಎಂಟು ದಿನಕ್ಕ. ಅವನ ರೊಕ್ಕ ಅವನ ಕಿಸೇದಾಗಿತ್ತು. ಕೇಳಾಕ ನಾಚಿಕಿ ಬಂತು, ಅದಕ್ಕ ರಾತ್ರಿ ಕಳಿಸಿದೆ."

ಬಾಂಧವರೇ, ಆ ರಾತ್ರಿ ಹೋದ ಎಲ್ಲ ಟ್ರ್ಯಾಕ್ಟರುಗಳೂ ದುರಾಸೆಯವಲ್ಲ ಎಂಬುದು ನಮಗೆ ಆಗ ತಿಳಿಯಿತು. ಕೆಲವರಿಗೆ ದವಾಖಾನೆ, ಕೆಲವರಿಗೆ ಆಳಿನ ಕೂಲಿ. ಕೆಲವರಂತೂ ಬೀಜ ಗೊಬ್ಬರಕ್ಕೆ ಅದೇ ವ್ಯಾಪಾರಿಯ ಕಡೆ ಮುಂಗಡ ತಂದಿದ್ದರು, ಮಾಲು ಅವನಿಗೇ ಹಾಕಬೇಕೆಂಬ ಕರಾರಿನ ಮೇಲೆ. ಇಷ್ಟು ವರ್ಷ ನಾವು ಒಬ್ಬರನ್ನೊಬ್ಬರು ಮಾತು ತಪ್ಪಿದವರು ಎಂದು ಬೈದುಕೊಂಡೆವು. ಅಂದು ರಾತ್ರಿ ಅವರಿಗೆ ಕೈಮೇಲೆ ರೊಕ್ಕ ಬೇಕಿತ್ತೇನೋ ಎಂದು ಒಬ್ಬರೂ ಕೇಳಲಿಲ್ಲ. ಆಟದಲ್ಲಿ ಅಕ್ಕಾ ಪ್ರತಿ ಸರದಿಗೂ ಕೇಳುತ್ತಿದ್ದ ಪ್ರಶ್ನೆ ಅದೇ: ಯಾರಿಗೆ ಏನು ಬೇಕ್ರೆಪಾ?

ಈ ಆಟ ಹುಟ್ಟಿದ ದೇಶದಲ್ಲೇ ನಮ್ಮಂಥ ಸಾಲದ ಸಂಘಗಳ ಬೇರೂ ಇದೆ. ಎರಡಕ್ಕೂ ನೇರ ಸಂಬಂಧವಿದೆ ಎಂದು ನಾವು ಹೇಳುತ್ತಿಲ್ಲ, ಆದರೆ ನೆನೆಯಬೇಕಾದ ಮಾತು. ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ (1818–1888) ಅಲ್ಲಿನ ಹಳ್ಳಿಗಾಡಿನ ಆಡಳಿತಗಾರರಾಗಿದ್ದರು. 1846–47ರ ಬರಗಾಲದಲ್ಲಿ ಬಡವರಿಗೆ ಸಾಲದ ಮೇಲೆ ಹಿಟ್ಟು ರೊಟ್ಟಿ ಸಿಗುವಂತೆ ಒಂದು ಸಂಘ ಮಾಡಿದರು. 1864ರಲ್ಲಿ ಹೆಡ್ಡೆಸ್ಡಾರ್ಫ್ ಎಂಬಲ್ಲಿ ಸಾಲದ ಸಂಘ ಕಟ್ಟಿದರು. ಒಂದೇ ಸೀಮೆಯವರು, ಒಬ್ಬರಿಗೊಬ್ಬರು ಗುರುತಿದ್ದವರು, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂಬುದು ಅವರ ಪದ್ಧತಿ. ಅದನ್ನು ಅಭ್ಯಾಸ ಮಾಡಿ ಫ್ರೆಡರಿಕ್ ನಿಕಲ್ಸನ್ ಅವರು ಮದ್ರಾಸ್ ಸರ್ಕಾರಕ್ಕೆ 1895 ಮತ್ತು 1897ರಲ್ಲಿ ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದರು. ದಾರಿ ಇಷ್ಟು ಸಮೀಪದಲ್ಲೇ ತೆರೆದಿದ್ದಾಗ, ನಾವು ಅರ್ಧ ದಾರಿಯಲ್ಲಿ ಯಾಕ ನಿಂತೇವಿ?

ಆಟದ ಬಂದರಿನ ಮಾತು ಮತ್ತೆ ನೆನಪಿಸಿಕೊಳ್ಳಿ. ಬಂದರು ಪುಕ್ಕಟೆ ಬರುವುದಿಲ್ಲ. ಅಲ್ಲಿಯತನಕ ರಸ್ತೆ ಹಾಕಿ ಹಳ್ಳಿ ಕಟ್ಟಬೇಕು, ಅದಕ್ಕೆ ಕಟ್ಟಿಗೆ ಇಟ್ಟಂಗಿ ಖರ್ಚಾಗುತ್ತವೆ. ಕಟ್ಟಿದ ಮೇಲೆ ಮಾತ್ರ ನಾಲ್ಕಕ್ಕೆ ಒಂದು ಇದ್ದದ್ದು ಮೂರಕ್ಕೆ, ಎರಡಕ್ಕೆ ಇಳಿಯುತ್ತದೆ. 25 ವರ್ಷದ ಹಿಂದೆ ನಮ್ಮ ಹಿರಿಯರು ಷೇರು ಹಣ ಕೂಡಿಸಿ ಈ ಸಂಘವೆಂಬ ಬಂದರನ್ನು ಕಟ್ಟಿಟ್ಟಿದ್ದಾರೆ. ಗೋದಾಮು ಇದೆ, ತೂಕದ ಯಂತ್ರ ಇದೆ, ಲೆಕ್ಕ ಬರೆಯುವವರಿದ್ದಾರೆ. ಬಂದರು ಇಟ್ಟುಕೊಂಡೂ ಬ್ಯಾಂಕಿಗೆ ನಾಲ್ಕು ಎಣಿಸುವುದು ಶಾಣ್ಯಾತನವಲ್ಲ.

ಆದ್ದರಿಂದ ಬೆಳ್ಳಿಹಬ್ಬದ ದಿನ ನಾವು ನಾಲ್ವರೂ ಕೂಡಿ ಸಂಘದ ಮುಂದೆ ಒಂದು ಬೇಡಿಕೆ ಇಡುತ್ತೇವೆ. ಬರುವ ವಾರ್ಷಿಕ ಮಹಾಸಭೆಯಲ್ಲಿ ಕೂಡಿ ಮಾರುವ ವಿಷಯವನ್ನು ಮತ್ತೆ ತರಬೇಕು. ಆದರೆ ಈ ಸಲ ಬರೀ ಸಹಿ ಬೇಡ. ಮಾಲು ತೂಗಿದ ದಿನವೇ ಬೆಲೆಯ ಒಂದು ಭಾಗವನ್ನು ಮುಂಗಡವಾಗಿ ಸದಸ್ಯರ ಕೈಗೆ ಕೊಡುವ ವ್ಯವಸ್ಥೆ ಆಗಬೇಕು, ಉಳಿದದ್ದು ಮಾರಾಟವಾದ ಮೇಲೆ. ಕಡಲೆ, ಜೋಳದಂಥ ಕೆಡದ ಮಾಲನ್ನು ಗೋದಾಮಿನಲ್ಲಿಟ್ಟು ಅದರ ಮೇಲೆ ಅಡಮಾನ ಸಾಲ ಕೊಡುವ ಪದ್ಧತಿ ಹೊಸದೇನಲ್ಲ. ಉಳ್ಳಾಗಡ್ಡಿ ಕಾಯುವುದಿಲ್ಲ, ಅದಕ್ಕೆ ತೂಗಿದ ದಿನದ ಮುಂಗಡವೇ ಬೇಕು. ಇದಕ್ಕೆ ಹಣ ಎಲ್ಲಿಂದ, ಎಷ್ಟು, ಬೈಲಾ ಏನು ಹೇಳುತ್ತದೆ ಎಂಬುದನ್ನು ಆಡಳಿತ ಮಂಡಳಿಯವರೂ ನಾವೂ ಕೂಡಿ ಲೆಕ್ಕ ಹಾಕೋಣ. ಮೊದಲ ವರ್ಷ ಒಂದೇ ಲಾರಿ ಸಾಕು. ಆ ಲಾರಿಗೆ ಮೊದಲ ಚೀಲ ನಾನೇ ಹಾಕ್ತೀನಿ, ಹಗಲು ಹೊತ್ತಿನ್ಯಾಗ ಹಾಕ್ತೀನಿ ಅಂತ ಕಾಕಾ ಹೇಳಿದ್ದಾರೆ.

ಆಟಕ್ಕೂ ಸಂಘಕ್ಕೂ ಇರುವ ಒಂದು ಅಂತರವನ್ನೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ. ಕಟಾನಿನಲ್ಲಿ ಗೆಲ್ಲುವವರು ಒಬ್ಬರೇ. ಯಾರಾದರೂ 8, 9 ಅಂಕಕ್ಕೆ ಬಂದರೆ ಉಳಿದವರು ಅವರ ಜೊತೆ ವ್ಯಾಪಾರ ನಿಲ್ಲಿಸುತ್ತಾರೆ, ಆಟದಲ್ಲಿ ಅದು ಸರಿಯೇ. 10 ಆದ ಕೂಡಲೇ ಎಲೆಗಳನ್ನು ಪೆಟ್ಟಿಗೆಗೆ ತುಂಬಿ ಏಳಬಹುದು. ಸಂಘದಲ್ಲಿ ಹಾಗಿಲ್ಲ. ಇಲ್ಲಿ ಹತ್ತು ಅಂಕ ಮುಟ್ಟಿದವನೂ ನಾಳೆ ಅದೇ ಓಣಿಯಲ್ಲಿ ನಡೆಯಬೇಕು, ಅದೇ ಹಳ್ಳದ ನೀರು ಹಾಯಿಸಬೇಕು. ಬಗಲಿನವನ ಹೊಲ ಬೆಳೆದರೆ ನಮ್ಮ ಲಾರಿ ತುಂಬುತ್ತದೆ.

ಆಟದ ಪೆಟ್ಟಿಗೆಯನ್ನು ಮಾಸ್ತರ ಅಳಿಯ ನಮಗೇ ಬಿಟ್ಟು ಹೋಗಿದ್ದಾನೆ. ಅದನ್ನು ಸಂಘದ ವಾಚನಾಲಯದಲ್ಲಿ ಇಟ್ಟಿದ್ದೇವೆ. ನಿಯಮಗಳನ್ನು ಮಾಸ್ತರು ಕನ್ನಡದಲ್ಲಿ ಬರೆದು ಜೊತೆಗೆ ಹಚ್ಚಿದ್ದಾರೆ. ಸಂಜೆ ಬಿಡುವಿದ್ದವರು ಬರ್ರಿ, ಆಡೋಣ. ತಮ್ಮನೂ ಇರುತ್ತಾನೆ. ಈಗ ಅವನು ಮಾತು ಕೊಟ್ಟರೆ ಉಳಿಸಿಕೊಳ್ಳುತ್ತಾನೆ, ನಾವು ನೋಡಿದ್ದೇವೆ.

ಊಟದ ಪಂಕ್ತಿ ಸಿದ್ಧವಾಗಿದೆಯಂತೆ. ಬರ್ರಿ, ಕೂಡಿಯೇ ಉಣ್ಣೋಣ.

ಜೈ ಸಹಕಾರ, ಜೈ ಕರ್ನಾಟಕ.